ಅತ್ತೆಯ ಮಣೆ, ನನ್ನ ತಂಬೂರಿ

ಹಲಸಿನ ಹಲಗೆಯನ್ನ ನಾನು ಸೀರೆ ಆರಿಸೋ ಹಾಗೆ ಆರಿಸಿಬಿಟ್ಟೆ. ಎಲ್ಲಾ ಕೆಳಗಿಳಿಸಿ, ಬಿಸಿಲಿಗೆ ಹಿಡಿದು, ‘ಇದಕ್ಕಿಂತ ಬ್ರೈಟ್ ಇಲ್ವಾ?’ ಅಂತ ಕೇಳಿ! ಬನಶಂಕರಿಯ ಟಿಂಬರ್ ಡಿಪೋದವನು ಪಾಪ, ಅರಿಶಿನದಂಥ ಹಳದಿ ಹಲಗೆ ತೆಗೆದುಕೊಟ್ಟ. ಆಟೋದಲ್ಲಿ ತೊಡೆ ಮೇಲಿಟ್ಟುಕೊಂಡು ತಂದೆ.

ಐವತ್ತಮೂರನೇ ವಯಸ್ಸಿನಲ್ಲಿ ಪುಟ್ಟ ತಂಬೂರಿ ಮಾಡೋ ಹುಚ್ಚು ನನಗೆ. (ಮನೆಯವರು ‘ಕೊಂಡ್ಕೋಬಾರ್ದಾ?’ ಅಂದ್ರು. ಸಾರಿನ ಪುಡೀನೂ ಅಂಗಡೀಲಿ ಸಿಗುತ್ತೆ. ಆದ್ರೂ ಮನೇದೇ ಬೇಕಲ್ವಾ ಅವರಿಗೆ?) ಕಲಿಸೋರು ಹನುಮಂತನಗರದಲ್ಲಿ ತಂಬೂರಿ ರಿಪೇರಿ ಮಾಡೋ ಆಚಾರ್ರು. ಅವರು ನನ್ನ ಹಲಗೆಯನ್ನ ಬೆರಳಲ್ಲಿ ಒಂದ್ಸಲ ತಟ್ಟಿದರು. ಠಪ್.

‘ಹಸಿ ಮರ ಮೇಡಂ. ಬೇಸಿಗೇಲಿ ಬಿರುಕು ಬಿಡತ್ತೆ. ಈ ಹಳದಿ ಹೋಗಿ ಕಂದು ಬರೋ ತನಕ ಒಣಗ್ಬೇಕು. ಐದಾರು ವರ್ಷ ನೆರಳಲ್ಲಿಡಿ.’

ಐದಾರು ವರ್ಷ! ಸಪ್ಪೆ ಮುಖ ಹಾಕ್ಕೊಂಡು ಮನೆಗೆ ಬಂದೆ. ಅತ್ತೆ ದೇವರ ಮುಂದೆ ಕೂತಿದ್ದರು. ಎಂಬತ್ತೆರಡು ವರ್ಷ ಅವರಿಗೆ. ಎಲ್ಲಾ ಕೇಳಿಸಿಕೊಂಡು, ಮೆಲ್ಲಗೆ ಎದ್ದು, ಕೂತಿದ್ದ ಮಣೆಯನ್ನೇ ನನ್ನ ಕೈಗಿಟ್ಟರು. ‘ಇದೂ ಹಲಸೇ ಕಣೇ. ತಗೊಂಡ್ಹೋಗಿ ತೋರ್ಸು.’

ಆ ಮಣೆ! ಅತ್ತೆ ತಮ್ಮ ತವರಿಂದ ತಂದಿದ್ದು. ನಾನು ಈ ಮನೆಗೆ ಬಂದು ಇಪ್ಪತ್ತೆಂಟು ವರ್ಷ, ಒಂದು ದಿನಾನೂ ಅದರ ಮೇಲೆ ಕೂರೋಕೆ ಬಿಟ್ಟವರಲ್ಲ. ಎಷ್ಟೋ ಸಲ ಮನಸ್ಸಲ್ಲೇ ಬೈಕೊಂಡಿದ್ದೀನಿ.

‘ಬೇಡ ಅತ್ತೆ, ನಾನು ಕೆಡಿಸಿಬಿಟ್ರೆ?’

‘ಮೊದಲನೇ ಸಲ ಒಬ್ಬಟ್ಟೂ ಕೆಡಿಸಿದ್ದೆ. ತಿನ್ಲಿಲ್ವಾ ನಾವು?’

ಆಚಾರ್ರು ಮಣೆ ತಟ್ಟಿದರು. ಠಣ್! ‘ಬುರುಡೆ, ದಂಡಿ ನನ್ನ ಹತ್ರ ಒಣಗಿದ್ದಿವೆ. ಬುರುಡೆ ಮುಚ್ಚೋ ಮೇಲಿನ ಹಲಗೆಗೆ ಇದೇ ಸರಿ. ನಾದ ಬರೋದೇ ಅಲ್ಲಿಂದ. ನೀವೇ ಕೊಯ್ಯಿರಿ’ ಅಂದರು. ಗರಗಸ ಹಿಡಿಯೋ ಮುಂಚೆ ಪೆನ್ಸಿಲ್ ಗೆರೆಯನ್ನ ಮೂರು ಸಲ ಅಳೆದೆ. ತಪ್ಪಿದರೆ ಇನ್ನೊಂದು ಮಣೆ ಎಲ್ಲಿಂದ ತರಲಿ?

ತಪ್ಪಲಿಲ್ಲ. (ಒಂದು ಅಂಚು ಸ್ವಲ್ಪ ಸೊಟ್ಟ. ಯಾರಿಗೂ ಹೇಳ್ಬೇಡಿ.) ಕಳೆದ ಭಾನುವಾರ ತಂತಿ ಬಿಗಿದು ಅತ್ತೆ ಮುಂದೆ ಮೀಟಿದೆ. ಬೆರಳು ತೆಗೆದ ಮೇಲೂ ನಾದ ನಿಂತೇ ಇತ್ತು.

‘ಅಯ್ಯೋ, ಇಷ್ಟು ದಿನ ಇದ್ರ ಮೇಲೆ ಸುಮ್ನೆ ಕೂತಿದ್ನಲ್ಲೇ!’ ಅಂದರು. ನನಗೆ ಕಣ್ಣು ತುಂಬಿ ಬಂತು. ಥ್ಯಾಂಕ್ಸ್ ಅಂದರೆ ಬೈತಾರೆ. ಕಾಲಿಗೆ ಬಿದ್ದೆ.

ಈಗ ಪೂಜೆಗೆ ಅವರು ಕೂರೋದು ನಾನು ತಂದ ಆ ಹಳದಿ ಹಲಗೆ ಮೇಲೆ. ‘ಇಲ್ಲೇ ನೆರಳಲ್ಲಿ ಒಣಗ್ಲಿ ಬಿಡು, ನಿನ್ನ ಎರಡನೇ ತಂಬೂರಿಗೆ ಆಗತ್ತೆ’ ಅಂತಾರೆ.

ಎಂಬತ್ತೆರಡರ ಅತ್ತೆಗೇ ಐದಾರು ವರ್ಷ ಹೆಚ್ಚು ಅನಿಸದಿದ್ದ ಮೇಲೆ, ನನಗೇನು ಅವಸರ?