ಬಾಮೈದನ ಕೋಲು

ಕ್ಲಬ್ಬಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಕೂತು ಪೂಲ್ ಆಟದ ಕೋಲುಗಳನ್ನು ರಿಪೇರಿ ಮಾಡುತ್ತಿದ್ದವನನ್ನು ಎಲ್ಲರೂ ಬಳೆಗಾರ ಎಂದೇ ಕರೆಯುತ್ತಿದ್ದರು. ಕೋಲಿನ ತುದಿಯಲ್ಲಿ, ಚೆಂಡಿಗೆ ತಾಗುವ ಚರ್ಮದ ಬಿಲ್ಲೆಯ ಕೆಳಗೆ, ಒಂದು ಬಿಳಿ ಬಳೆ ಕೂಡಿಸಿರುತ್ತಾರೆ. ಹೊಡೆದಾಗಲೆಲ್ಲ ಪೆಟ್ಟು ತಿನ್ನುವುದು ಅದೇ. ಅದು ಬಿಗಿಯಾಗಿದ್ದರೆ ಮರ ಉಳಿಯುತ್ತದೆ, ಬಿರುಕು ಬಿಟ್ಟರೆ ಕೆಳಗಿನ ಮರವೂ ಅದರ ಜೊತೆ ಸೀಳುತ್ತದೆ. ಆ ಬಳೆ ತೊಡಿಸುವವನು ಅಂತ ಬಳೆಗಾರ. ಹೆಸರಿಟ್ಟವರು ತಮಾಷೆಗೆ ಇಟ್ಟರು. ಅವನು ತಮಾಷೆ ಸಹಿಸುವ ಪೈಕಿಯಲ್ಲ. ಕರೆದವರಿಗೆಲ್ಲ ಬೈದು ಬೈದು ಕೊನೆಗೆ ಅವನೇ ಸೋತು, ಆ ಹೆಸರಿಗೆ ಓಗೊಡುವುದನ್ನು ಕಲಿತ.

ಮನುಷ್ಯ ಕೆಟ್ಟವನೇನಲ್ಲ, ಆದರೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಪ್ರಾಯದಲ್ಲಿ ಒಂದು ಪೀಠೋಪಕರಣದ ಅಂಗಡಿಯಲ್ಲಿ ಕುರ್ಚಿಯ ಕಾಲು ಕಡೆಯುತ್ತಿದ್ದ. ಒಂದು ಕಾಲು ಕೂದಲೆಳೆಯಷ್ಟು ಸೊಟ್ಟಗಿದೆ, ಬೇರೆ ಮಾಡುತ್ತೇನೆ ಅಂದಾಗ ಅಂಗಡಿಯವನು "ಕೂರೋನಿಗೆ ಗೊತ್ತಾಗಲ್ಲ ಬಿಡಪ್ಪಾ" ಅಂದನಂತೆ. ಅವತ್ತೇ ಉಳಿ, ಅರ ಎಲ್ಲ ಗಂಟು ಕಟ್ಟಿಕೊಂಡು ಎದ್ದು ಬಂದ. ನೆಂಟರ ಮನೆಗೆ ಹೋದರೆ ಮೊದಲು ಬಾಗಿಲ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ತಟ್ಟಿ "ಹಸಿ ಮರ, ನಿಮಗೆ ಟೋಪಿ ಹಾಕಿದ್ದಾರೆ" ಅನ್ನುವುದು, ಆಮೇಲೆ ಕುಶಲ ವಿಚಾರಿಸುವುದು. ಬರಬರುತ್ತಾ ನೆಂಟರು ಕರೆಯುವುದನ್ನೇ ನಿಲ್ಲಿಸಿದರು. ಅವನ ಹೆಂಡತಿಗೆ ಇದರಿಂದ ಆದ ಅವಮಾನ ಅಷ್ಟಿಷ್ಟಲ್ಲ.

ಇಂಥವನಿಗೆ ಜಗತ್ತಿನಲ್ಲಿ ಯಾರನ್ನು ಕಂಡರೂ ಅಷ್ಟಕ್ಕಷ್ಟೇ. ಆದರೆ ಕಂಡರೆ ಮೈಯೆಲ್ಲ ಉರಿಯುತ್ತಿದ್ದುದು ಒಬ್ಬನನ್ನು ಮಾತ್ರ, ಹೆಂಡತಿಯ ತಮ್ಮನನ್ನು.

ಬಾಮೈದ ಆಟಗಾರ. ಕೈ ಒಳ್ಳೆಯದು, ತಲೆ ಬಿಸಿ. ಹೊಡೆತ ತಪ್ಪಿತೆಂದರೆ ಕೋಲಿನ ತುದಿಯನ್ನು ಟೇಬಲ್ಲಿನ ಮರದ ಅಂಚಿಗೆ ಟಕ್ಕೆಂದು ಕುಟ್ಟುವುದು ಅವನ ಚಾಳಿ. ತಾನು ಕುಟ್ಟುತ್ತೇನೆ ಅನ್ನುವುದು ಅವನಿಗೇ ಗೊತ್ತಿರಲಿಲ್ಲ. ಕೆಲವರು ಉಗುರು ಕಚ್ಚುವುದಿಲ್ಲವೇ, ಹಾಗೆ. ಕೆಲವು ವರ್ಷಗಳ ಹಿಂದೆ ಕ್ಲಬ್ಬಿನ ದೊಡ್ಡ ಪಂದ್ಯದ ಫೈನಲ್ಲಿನಲ್ಲಿ, ಕೊನೆಯ ಚೆಂಡಿಗೆ ಗುರಿಯಿಟ್ಟು ಹೊಡೆದಾಗ, ಬಳೆ ಎರಡಾಗಿ ಸೀಳಿತು. ಚೆಂಡು ಎಲ್ಲಿಗೋ ಹೋಯಿತು, ಪಂದ್ಯವೂ ಹೋಯಿತು. ಅವನು ಆ ಕೋಲನ್ನು ತಲೆಯ ಮೇಲೆತ್ತಿ ಹಿಡಿದು, ತುಂಬಿದ ಕ್ಲಬ್ಬಿಗೆ ಕೇಳುವ ಹಾಗೆ, "ನೋಡ್ರಪ್ಪಾ, ನಮ್ಮ ಭಾವ ಮಾಡಿಕೊಟ್ಟ ರಿಪೇರಿ! ಸ್ವಂತ ಬಾಮೈದನಿಗೇ ಹೀಗೆ ಮಾಡಿದ್ರೆ ನಿಮಗೆಲ್ಲ ಹೆಂಗೆ ಮಾಡ್ತಾರೋ!" ಅಂದ.

ಅವತ್ತಿನಿಂದ ಬಳೆಗಾರನ ಶೆಡ್ಡಿಗೆ ಬರುವವರು ಕಡಿಮೆಯಾದರು. ಬಂದರೂ ಚರ್ಮದ ಬಿಲ್ಲೆ ಬದಲಿಸುವುದು, ಕೋಲಿಗೆ ಎಣ್ಣೆ ಉಜ್ಜುವುದು, ಇಂಥ ಚಿಲ್ಲರೆ ಕೆಲಸ. ಬಳೆ ಕೂಡಿಸುವ ಕೆಲಸ ಬಳೆಗಾರನಿಗೇ ಇಲ್ಲ! ಕುಟ್ಟಿ ಕುಟ್ಟಿ ಒಡೆದದ್ದು ಬಾಮೈದನೇ ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳಿ ನೋಡಿದ. "ಹೌದೌದು" ಅಂತ ತಲೆಯಾಡಿಸಿ ಹೋಗುತ್ತಿದ್ದರು. ಅವನಿಗೆ ಬೇಕಾಗಿದ್ದುದು ಒಂದೇ. ಅವತ್ತಿನ ತನ್ನ ಕೆಲಸದಲ್ಲಿ ತಪ್ಪಿರಲಿಲ್ಲ ಅಂತ ಆ ಕ್ಲಬ್ಬಿನ ಜನ ಒಪ್ಪಬೇಕು. ಊಟ, ನಿದ್ದೆ, ಮೊಮ್ಮಗಳ ಮುದ್ದು ಮಾತು, ಯಾವುದೂ ಅವನ ಎದೆಯಿಂದ ಆ ಮುಳ್ಳನ್ನು ಕೀಳಲಿಲ್ಲ.

ಅಂಥ ಬಾಮೈದನ ಕೋಲು ಒಂದು ಸಂಜೆ ಅವನ ಅಡುಗೆಮನೆಯ ಮೂಲೆಯಲ್ಲಿ ಒರಗಿತ್ತು.

"ಯಾರು ತಂದಿದ್ದು ಈ ದರಿದ್ರಾನ?"

"ನಾನೇ ತಂದೆ," ಅಂದಳು ಹೆಂಡತಿ, ತರಕಾರಿ ಹೆಚ್ಚುತ್ತಾ. "ಬಳೆ ಒಡೆದಿದೆಯಂತೆ, ಕೋಲೂ ಸೀಳಿದೆಯಂತೆ. ಬರೋ ವಾರ ಫೈನಲ್ಲು. ಬೇರೆ ಕೋಲಲ್ಲಿ ಆಡೋಕೆ ಅವನಿಗೆ ಕೈ ಬರಲ್ಲ. ಸೀಳಿರೋ ಮರ ಕೂಡಿಸೋರು ಇಲ್ಲಿ ನಿಮ್ಮನ್ನ ಬಿಟ್ರೆ ಯಾರಿದಾರೆ?"

"ಓಹೋ, ಈಗ ನೆನಪಾದ್ನಾ ಭಾವ? ಹೋಗಿ ಹೇಳು ನಿನ್ನ ತಮ್ಮಂಗೆ, ಒಲೆಗೆ ಸೌದೆ ಕಡಿಮೆ ಇತ್ತು, ಕಳಿಸಿದ್ದು ಒಳ್ಳೇದಾಯ್ತು ಅಂತ."

"ಒಲೆ ಯಾವತ್ತು ಹಚ್ಚಿದೀರಿ ನೀವು, ಸೌದೆ ಲೆಕ್ಕ ಹೇಳೋಕೆ?" ಅಂದಳು ಅವಳು, ಹೆಚ್ಚುವುದನ್ನು ನಿಲ್ಲಿಸದೆ. "ಮಾಡಿದ್ರೆ ಮಾಡಿ, ಇಲ್ಲಾಂದ್ರೆ ಬಿಡಿ. ನಿಮ್ಮಿಬ್ಬರ ಮಧ್ಯೆ ಅರೆದು ಅರೆದು ನಾನು ಹಿಟ್ಟಾಗಿ ಹೋಗಿದೀನಿ."

ಅವನು ಕೋಲನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಮುಟ್ಟಬಾರದು ಅಂದುಕೊಂಡಿದ್ದ, ಆದರೆ ಕೈ ಕೇಳಬೇಕಲ್ಲ. ಬಳೆ ಉದ್ದಕ್ಕೆ ಬಿರಿದಿತ್ತು. ಅಲ್ಲಿಂದ ಶುರುವಾದ ಸೀಳು ಮರದ ಎಳೆಯ ಜೊತೆಗೇ ಒಂದು ಗೇಣು ಕೆಳಗಿಳಿದಿತ್ತು. ಬಳೆಯ ಒಂದೇ ಬದಿಯಲ್ಲಿ, ಒಂದರ ಮೇಲೊಂದು, ಸಣ್ಣ ಸಣ್ಣ ತಗ್ಗುಗಳು. ಟೇಬಲ್ಲಿಗೆ ಕುಟ್ಟಿದ ಗುರುತು. ಅದನ್ನು ನೋಡುತ್ತಾ ನಿಂತವನ ತಲೆಯಲ್ಲಿ ಒಂದು ಯೋಚನೆ ಬಂದು, ಮುಖ ಅರಳಿತು. ಅಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಗೆ ಆ ನಗು ಕಂಡು ಭಯವಾಯಿತು.

ಕೋಲನ್ನು ಹಾಳು ಮಾಡುವ ಯೋಚನೆಯಲ್ಲ ಅದು. ಅದಕ್ಕಿಂತ ಕೆಟ್ಟದ್ದು. ಎಳ್ಳಷ್ಟೂ ಕುಂದಿಲ್ಲದ ಹಾಗೆ ರಿಪೇರಿ ಮಾಡಿಕೊಡಬೇಕು. ಆಮೇಲೆ ಬಾಮೈದ ಎಂದಿನಂತೆ ಬಿಸಿಯಾಗಿ, ಎಂದಿನಂತೆ ಸೋಲಬೇಕು. ಆಗ ಕೋಲನ್ನು ಎತ್ತಿ ತೋರಿಸಲು ಏನೂ ಇರಬಾರದು. ಸೋಲು ಪೂರಾ ಅವನ ಪಾಲಿಗೇ ಬರಬೇಕು.

"ಮಾಡ್ತೀನಿ," ಅಂದ. "ಆದ್ರೆ ಶೆಡ್ಡಲ್ಲಲ್ಲ. ಕ್ಲಬ್ಬಲ್ಲಿ, ಎಲ್ಲರ ಎದುರಿಗೆ. ನಿನ್ನ ತಮ್ಮನೂ ಕೂತು ನೋಡಬೇಕು."

ಮರುದಿನ ಕ್ಲಬ್ಬಿನ ಯಜಮಾನ ಅಡ್ಡಿ ಹೇಳಲಿಲ್ಲ. ಜಗಳ ನೋಡುವ ಆಸೆ ಅವನಿಗೂ ಇತ್ತು. ಮರ ಕಡೆಯುವ ಸಣ್ಣ ಲೇತನ್ನು ಹೊತ್ತು ತಂದು ಕಿಟಕಿಯ ಹತ್ತಿರ ಕೂಡಿಸಿದ್ದಾಯಿತು. ಆಡುತ್ತಿದ್ದವರು ಆಟ ಬಿಟ್ಟು ಸುತ್ತ ನಿಂತರು. ಬಾಮೈದ ಕಾಲ ಮೇಲೆ ಕಾಲು ಹಾಕಿಕೊಂಡು ಕುರ್ಚಿಯಲ್ಲಿ ಕೂತ.

"ಏನ್ ಭಾವ, ಆಪರೇಷನ್ ಮಾಡೋ ಹಾಗೆ ಜನ ಸೇರಿಸಿದೀರಿ?"

"ರೋಗಿ ಯಾರು ಅಂತ ಎಲ್ಲರಿಗೂ ಗೊತ್ತಾಗಲಿ ಅಂತ."

ಬಳೆಗಾರ ಮೊದಲು ಹಳೆಯ ಬಳೆಯನ್ನು ದೀಪದ ಉರಿಗೆ ದೂರದಿಂದ ತೋರಿಸಿ, ಅಂಟು ಮೆತ್ತಗಾದ ಮೇಲೆ ತಿರುಚಿ ತೆಗೆದ. ತೆಗೆದದ್ದನ್ನು ಕೈಯಿಂದ ಕೈಗೆ ದಾಟಿಸಿದ. "ಬೆರಳಲ್ಲಿ ಸವರಿ ನೋಡಿ. ಒಂದೇ ಬದಿಗೆ ತಗ್ಗು ಬಿದ್ದಿದೆ. ಚೆಂಡು ಹೊಡೆದ್ರೆ ಪೆಟ್ಟು ಬೀಳೋದು ತುದಿಗೆ, ಬದಿಗಲ್ಲ. ಬದಿಗೆ ಯಾಕೆ ಬಿತ್ತು? ಆ ಟೇಬಲ್ಲಿನ ಅಂಚಲ್ಲಿ ಬಣ್ಣ ಹೋಗಿರೋ ಜಾಗ ಹೋಗಿ ನೋಡಿ, ಗೊತ್ತಾಗುತ್ತೆ."

ಒಬ್ಬ ನಿಜವಾಗಿಯೂ ಹೋಗಿ ನೋಡಿದ. "ಹೌದ್ರಪ್ಪೋ, ಇಲ್ಲೊಂದು ಗುಂಡಿನೇ ಬಿದ್ದಿದೆ!" ಎಲ್ಲರೂ ಗೊಳ್ಳೆಂದು ನಕ್ಕರು. ಬಾಮೈದ ಮೇಲಿನ ಕಾಲನ್ನು ಕೆಳಗಿಳಿಸಿದ. ಅವನ ಕಿವಿ ಕೆಂಪಾದದ್ದನ್ನು ನೋಡಿ ಬಳೆಗಾರನಿಗೆ ಹೊಟ್ಟೆ ತಣ್ಣಗಾಯಿತು.

ಆಮೇಲೆ ಅವನು ಕೆಲಸಕ್ಕಿಳಿದ. ತೆಳ್ಳನೆಯ ಬ್ಲೇಡಿನಿಂದ ಸೀಳನ್ನು ಚೂರೇ ಚೂರು ಅಗಲಿಸಿ, ಅಂಟು ಬಿಟ್ಟು, ಅದು ತಳದವರೆಗೆ ಇಳಿಯಲೆಂದು ಬಾಯಿಂದ ಊದಿದ. ಎರಡೂ ಅಂಚು ಕೂಡುವ ಹಾಗೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಸುತ್ತಿ ಸುತ್ತಿ ಬಿಗಿದ. ಅದು ಒಣಗಲು ಬಿಟ್ಟು, ಮಾರನೆಯ ದಿನ ಅದೇ ಜನರ ಎದುರಿಗೆ ಪಟ್ಟಿ ಬಿಚ್ಚಿ, ಹೊರಗೆ ಉಬ್ಬಿದ ಅಂಟನ್ನಷ್ಟೇ ಕೆರೆದ. ಮರವನ್ನು ಮುಟ್ಟಲಿಲ್ಲ. ಮರ ತೆಳ್ಳಗಾದರೆ ಆಡುವವನ ಬೆರಳಿಗೆ ತಕ್ಷಣ ತಿಳಿಯುತ್ತದೆ, ಆ ನೆಪವೂ ಅವನಿಗೆ ಸಿಗಬಾರದು. ಹೊಸ ಬಳೆ ಕಡೆದು, ಕೂಡಿಸಿ, ಬಿಲ್ಲೆ ಅಂಟಿಸಿ, ಬಟ್ಟೆಯಲ್ಲಿ ಒರೆಸಿ ಕೊಟ್ಟಾಗ ಸೀಳು ಎಲ್ಲಿತ್ತು ಅಂತ ಹುಡುಕುವವರು ಹುಡುಕಿಕೊಂಡೇ ಇದ್ದರು. ಇಷ್ಟು ದ್ವೇಷದಿಂದ ಇಷ್ಟು ಒಳ್ಳೆಯ ಕೆಲಸವನ್ನು ಯಾರೂ ಮಾಡಿರಲಾರರು.

"ತಗೋ," ಅಂದ. "ಇನ್ಮೇಲೆ ಸೋತ್ರೆ ನಿನ್ನ ಕೈನೇ ಎತ್ತಿ ತೋರ್ಸು."

ಫೈನಲ್ ದಿನ ಬಳೆಗಾರ ಹೆಂಡತಿಯ ಜೊತೆ ಮೊದಲ ಸಾಲಿನಲ್ಲೇ ಕೂತ. ಅವಳು ತಮ್ಮ ಗೆಲ್ಲಲಿ ಅಂತ ಕೈ ಹಿಸುಕಿಕೊಳ್ಳುತ್ತಿದ್ದಳು, ಇವನು ಸೋಲಲಿ ಅಂತ. ಒಂದೇ ಬೆಂಚಿನಲ್ಲಿ ಎರಡು ಹರಕೆ. ಆಟದ ನಡುವೆ ಬಾಮೈದನ ಒಂದು ಸುಲಭದ ಹೊಡೆತ ತಪ್ಪಿತು. ಎಂದಿನಂತೆ ಕೋಲು ಟೇಬಲ್ಲಿನ ಅಂಚಿನ ಕಡೆಗೆ ಹೋಯಿತು. ಇಡೀ ಕ್ಲಬ್ಬಿನ ಕಣ್ಣು ಅವನ ಕೈ ಮೇಲಿತ್ತು, ಯಾರೋ ಕಿಸಕ್ಕೆಂದರು. ಕೈ ಅರ್ಧದಲ್ಲೇ ನಿಂತಿತು. ಅವನು ಕೋಲನ್ನು ನೆಟ್ಟಗೆ ಹಿಡಿದು, ಉಸಿರು ಬಿಟ್ಟು, ಕುರ್ಚಿಗೆ ಹೋಗಿ ಸುಮ್ಮನೆ ಕೂತ. ಆಮೇಲೆ ಎದ್ದು ಬಂದವನು ಬೇರೆಯೇ ಆಟಗಾರ. ಅವಸರವಿಲ್ಲ, ಗೊಣಗಾಟವಿಲ್ಲ. ಒಂದೊಂದೇ ಚೆಂಡನ್ನು ತೂತಿಗೆ ಇಳಿಸುತ್ತಾ ಹೋಗಿ ಗೆದ್ದುಬಿಟ್ಟ. ಬಳೆಗಾರ ಅವನ ಬಿಸಿ ತಲೆಯನ್ನೂ ರಿಪೇರಿ ಮಾಡಿಕೊಟ್ಟಿದ್ದ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಂತಾಯಿತು.

ಆದರೂ ಒಂದು ಸಮಾಧಾನವಿತ್ತು. ಅವನು ಗೆದ್ದರೇನಂತೆ, ಕೋಲು ಗಟ್ಟಿ ನಿಂತಿತು, ಅಷ್ಟು ಜನ ಕಣ್ಣಾರೆ ಕಂಡರು. ಇನ್ನು ಹಳೆಯ ಮಾತು ಬಿದ್ದುಹೋಗುತ್ತದೆ ಅಂದುಕೊಂಡ.

ಬಹುಮಾನದ ಕಪ್ಪು ಹಿಡಿದುಕೊಂಡು ಬಾಮೈದ ಮಾತಿಗೆ ನಿಂತ. ಕಣ್ಣಲ್ಲಿ ನೀರಿತ್ತು. "ಈ ಗೆಲುವು ನನ್ನದಲ್ಲ, ನಮ್ಮ ಭಾವನದು," ಅಂದ. "ಎಂಥ ರಿಪೇರಿ ಮಾಡಿದ್ರು ಅಂತ ನೀವೇ ನೋಡಿದೀರಿ. ಮನಸ್ಸಿಟ್ಟು ಮಾಡಿದ್ರೆ ಅವರನ್ನ ಮೀರಿಸೋರಿಲ್ಲ. ಆ ಸಲಾನೂ ಹೀಗೇ ಮನಸ್ಸಿಟ್ಟು ಮಾಡಿದ್ದಿದ್ರೆ ಅವತ್ತೇ ಗೆಲ್ತಿದ್ದೆ. ಇರಲಿ, ಹಳೇದೆಲ್ಲ ನಾನು ಮರೆತಿದೀನಿ. ಭಾವ, ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ."

ಚಪ್ಪಾಳೆ ಬಿತ್ತು. ಬಳೆಗಾರನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಾಮೈದ ಇಳಿದು ಬಂದು ಅವನನ್ನು ಬಿಗಿಯಾಗಿ ತಬ್ಬಿಕೊಂಡ. ಬಳೆಗಾರ ಅವನ ಮುಖವನ್ನು ಹತ್ತಿರದಿಂದ ನೋಡಿದ. ಅಲ್ಲಿ ನಾಟಕವಿರಲಿಲ್ಲ. ಅವನು ಆ ಮಾತನ್ನು ನಿಜವಾಗಿಯೂ ನಂಬಿದ್ದ. ಸುಳ್ಳು ಹೇಳುತ್ತಿದ್ದರೆ ಕೊರಳಪಟ್ಟಿ ಹಿಡಿಯಬಹುದಿತ್ತು. ನಂಬಿದವನನ್ನು ಏನು ಮಾಡುವುದು?

"ಬಿಡೋ ಕೈ!" ಅಂತ ಬಳೆಗಾರ ಅವನನ್ನು ದೂಡಿದ. "ಅವತ್ತಿಂದೂ ಹೀಗೇ ಇತ್ತು! ಇಷ್ಟೇ ಚೆನ್ನಾಗಿತ್ತು! ನೀನು ಕುಟ್ಟಿ ಒಡೆದೆ ಕಣೋ! ಮೊನ್ನೆ ಎಲ್ಲರಿಗೂ ತೋರಿಸಿಲ್ವಾ ನಾನು?"

ಮೊನ್ನೆ ತಗ್ಗು ಸವರಿ ನಕ್ಕವರೇ ಈಗ ನೆಲ ನೋಡಿದರು. "ಮೊನ್ನೆ ತೋರಿಸಿದ್ದು ಈ ಸಲದ್ದು," ಅಂದ ಯಜಮಾನ ಮೆಲ್ಲಗೆ. "ಅವತ್ತಿಂದು ಯಾರಿಗೆ ಗೊತ್ತು? ಹೋಗ್ಲಿ ಬಿಡಿ ಬಳೆಗಾರ್ರೇ, ಅವನೇ ಮರೆತಿದಾನಂತೆ, ನಿಮಗ್ಯಾಕೆ ಹಟ?"

"ಸ್ವಲ್ಪ ನಗಿ," ಅಂದಳು ಹೆಂಡತಿ ತೋಳು ಜಗ್ಗಿ. "ಮಾನ ಕಳೀಬೇಡಿ."

ಮರುದಿನದಿಂದ ಶೆಡ್ಡಿಗೆ ಕೋಲುಗಳು ಬರತೊಡಗಿದವು. ಬಿರಿದ ಬಳೆ, ಸೀಳಿದ ಮರ, ಸೊಟ್ಟ ತುದಿ, ಗೋಡೆಗೆ ಒರಗಿಸಲು ಜಾಗ ಸಾಲದಷ್ಟು. ಅವನು ಒಂದನ್ನು ಕೈಗೆತ್ತಿಕೊಂಡು, ಇದನ್ನಾದರೂ ಕೆಡಿಸಿಬಿಡೋಣ ಅಂದುಕೊಂಡು ಬ್ಲೇಡು ಹಿಡಿದ. ಕೈ ತಾನಾಗಿಯೇ ಮರದ ಎಳೆ ನೋಡಿ, ಅಂಟು ಇಳಿಸಿ, ಅಂಚು ಕೂಡಿಸಿತು. ಅದನ್ನು ಒಯ್ಯಲು ಬಂದವನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, ಅವನ ಬೆನ್ನು ತಟ್ಟಿದ.

"ಪರವಾಗಿಲ್ಲ ಬಳೆಗಾರ್ರೇ, ಈಗ ಕೈ ಕುದುರಿದೆ. ಮೊದಲೇ ಯಾಕೆ ಹಿಂಗೆ ಮಾಡ್ತಿರಲಿಲ್ಲ?"

ಏನು ಹೇಳಿದರೂ ಬಂದವನ ಕೈಯಲ್ಲಿದ್ದ ಆ ಕೋಲು ತನ್ನ ವಿರುದ್ಧವೇ ಸಾಕ್ಷಿ ಹೇಳುತ್ತದೆ ಅಂತ ಬಳೆಗಾರನಿಗೆ ಆಗ ತಿಳಿಯಿತು. ಇದು ಚೆನ್ನಾಗಿ ಬಂದಷ್ಟೂ ಅವತ್ತಿನದು ಕೆಟ್ಟದಾಗುತ್ತಿತ್ತು. ಅವನು ಆ ಮನುಷ್ಯನನ್ನು ರಟ್ಟೆ ಹಿಡಿದು ಹೊರಗೆ ತಳ್ಳಿ, ಬಾಗಿಲು ಹಾಕಿಕೊಂಡು, ಗೋಡೆಗೆ ಒರಗಿದ್ದ ಇನ್ನೊಂದು ಕೋಲನ್ನು ಎತ್ತಿಕೊಂಡ. ಅದನ್ನೂ ಚೆನ್ನಾಗಿಯೇ ಮಾಡಿದ.