ಮೇಲೊಂದು ಡಾಲರ್

ಯಾರಾದರೂ ಏನಾದರೂ ಕೊಟ್ಟರೆ, ಅದನ್ನು ತಿರುಗಿಸಿ ಕೊಡುವವರೆಗೂ ನನಗೆ ಊಟ ಇಳಿಯುವುದಿಲ್ಲ. ಮೈಸೂರಿನ ಮದುವೆ, ಗೃಹಪ್ರವೇಶಗಳಿಗೆಲ್ಲ ಅಡಿಲೇಡಿನ ಸೋಫಾದಲ್ಲಿ ಕೂತೇ ಮುಯ್ಯಿ ಕಳಿಸುತ್ತೇನೆ. ಐನೂರ ಒಂದು, ಸಾವಿರದ ಒಂದು. ಬೆರಳೊತ್ತಿದರೆ ಮುಗಿಯಿತು, ರೇಷ್ಮೆ ಸೀರೆಗೆ ಇಸ್ತ್ರಿ ಹಾಕುವ ಕಾಟವೂ ಇಲ್ಲ. ನನ್ನ ಈ ಜಾಣತನದ ಬಗ್ಗೆ ನನಗೆ ಬಹಳ ಜಂಬವಿತ್ತು.

ನಮ್ಮ ಮಾಸನ್ ಲೇಕ್ಸ್ ಬಡಾವಣೆಯಲ್ಲಿ ಪಕ್ಕದ ಮನೆಯವರು ಚೀನಾದ ಗ್ವಾಂಗ್‌ಝೌ ಕಡೆಯವರು. ಆ ಮನೆಯ ಅಜ್ಜಿಯನ್ನು ಅವರ ಮೊಮ್ಮಕ್ಕಳಂತೆ ನನ್ನ ಮಗಳೂ ‘ಪೋಪೋ’ ಎನ್ನುತ್ತಾಳೆ. ಸ್ಕೂಲು ಬಿಟ್ಟ ಮೇಲೆ ನಾನು ಕೆಲಸದಿಂದ ಬರುವವರೆಗೆ ಅವಳು ಬೆಳೆದದ್ದೇ ಅವರ ಅಡುಗೆಮನೆಯಲ್ಲಿ. ಪ್ರತಿ ಚೀನೀ ಹೊಸವರ್ಷಕ್ಕೂ ಪೋಪೋ ಬ್ಯಾಂಕಿನಲ್ಲಿ ಸರದಿ ನಿಂತು ಗರಿಗರಿ ನೋಟು ತಂದು, ಕೆಂಪು ಲಕೋಟೆಗಳಲ್ಲಿಟ್ಟು ಮಕ್ಕಳಿಗೆ ಹಂಚುತ್ತಿದ್ದರು. ಈ ಸಲ ಅವರ ಹೃದಯದ ಕವಾಟ ಕೈಕೊಟ್ಟಿತ್ತು. ಹಬ್ಬ ಮುಗಿದ ಮರುವಾರವೇ ಆಪರೇಷನ್ ಇತ್ತು. ಬಿಸಿಲಲ್ಲಿ ಓಡಾಡಕೂಡದೆಂದು ಡಾಕ್ಟರು ಹೇಳಿದ್ದರಿಂದ ಅವರ ಮಗಳು ಲಕೋಟೆಗಳನ್ನೆಲ್ಲ ಫೋನಿಗೆ ಏರಿಸಿಬಿಟ್ಟಿದ್ದಳು. ಪೋಪೋಗೆ ಅದು ಸ್ವಲ್ಪವೂ ಹಿಡಿಸಿರಲಿಲ್ಲ. ಆದರೆ ಆ ಮನೆಯಲ್ಲಿ ಎಷ್ಟು ಹೆದರಿಕೆಯಿತ್ತೆಂದರೆ, ಸಾವಿನ ನೆನಪು ತರುವ ಒಂದು ಮಾತನ್ನೂ ಯಾರೂ ಆಡುತ್ತಿರಲಿಲ್ಲ.

ಹಬ್ಬದೂಟಕ್ಕೆ ನಮ್ಮನ್ನೂ ಕರೆದಿದ್ದರು. ನನಗೆಂದೇ ಅಣಬೆಯ ಪಲ್ಯ ಬೇರೆ ಮಾಡಿದ್ದರು. ಊಟದ ನಡುವೆ ನನ್ನ ಫೋನು ಕುಂಯ್ ಎಂದಿತು. ನೋಡಿದರೆ ನನ್ನ ಮಗಳಿಗೆಂದು ಪೋಪೋ ಕಳಿಸಿದ ಇಪ್ಪತ್ತು ಡಾಲರ್. ನನ್ನ ಹಳೆಯ ಕಾಯಿಲೆ ಕೆರಳಿತು. ಮೇಜಿನ ಕೆಳಗೇ ಫೋನು ಹಿಡಿದು ಪೋಪೋಗೆ ನೂರ ಒಂದು ಡಾಲರ್ ಕಳಿಸಿ, ಏನೂ ಅರಿಯದವಳಂತೆ ಅಣಬೆ ಬಾಯಿಗಿಟ್ಟುಕೊಂಡೆ.

ಪೋಪೋಗೆ ಕಣ್ಣು ಮಂಜಾದ ಮೇಲೆ ಅವರ ಫೋನು ಬಂದ ಸುದ್ದಿಯನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಅದು ಅವರ ಕ್ಯಾಂಟನೀಸ್ ಭಾಷೆಯಲ್ಲಿ ನನ್ನ ಹೆಸರನ್ನೂ ಮೊತ್ತವನ್ನೂ ಡಂಗುರ ಸಾರಿತು. ಮೇಜಿನ ಸುತ್ತ ಎಲ್ಲರೂ ಗಪ್‌ಚುಪ್ಪಾದರು. ನನ್ನ ಧಾರಾಳತನಕ್ಕೆ ಮೂಕರಾಗಿದ್ದಾರೆಂದು ಭಾವಿಸಿ ನಾನು ಉಬ್ಬಿಹೋದೆ.

“ಜಾಸ್ತಿಯೇನಿಲ್ಲ ಬಿಡಿ,” ಎಂದು ಇಂಗ್ಲಿಷಿನಲ್ಲಿ ವಿನಯ ತೋರಿಸಿದೆ. “ಅದ್ರಲ್ಲಿ ಆ ಒಂದು ಡಾಲರೇ ಮುಖ್ಯ. ಅದಿಲ್ದೆ ನಾವು ಕೊಡೋದೇ ಇಲ್ಲ.”

ಮಗಳು ನನ್ನ ತೋಳು ಚಿವುಟಿದಳು. “ಅಮ್ಮಾ, ಪ್ಲೀಸ್ ಸ್ಟಾಪ್. ದಟ್ಸ್ ಫ್ಯೂನರಲ್ ಮನಿ.”

ಸಾವಿನ ಮನೆಗೆ ಬಿಳಿ ಲಕೋಟೆಯಲ್ಲಿ ಕೊಡುವ ಹಣಕ್ಕೆ ಅವರು ಆ ಒಂದನ್ನು ಸೇರಿಸುತ್ತಾರಂತೆ. ದುಃಖ ಜೋಡಿಯಾಗಿ ಬರದಿರಲಿ, ಒಂಟಿಯಾಗಿಯೇ ಮುಗಿಯಲಿ ಎಂದು. ಕಾಗದದ ಲಕೋಟೆಯಾಗಿದ್ದರೆ ಪೋಪೋ ಅದನ್ನು ಒಬ್ಬರೇ ಒಡೆದು ನೋಡಿ ಸುಮ್ಮನಾಗುತ್ತಿದ್ದರೇನೋ. ನಾನೋ, ಆಪರೇಷನ್‌ಗೆ ಹೊರಟವರಿಗೆ ಹಬ್ಬದ ದಿನವೇ, ಎಲ್ಲರೆದುರು, ಸಾವಿನ ಮುಯ್ಯಿಯನ್ನು ಕೂಗಿಸಿ ಕೊಟ್ಟಿದ್ದೆ. ಸಾಲದ್ದಕ್ಕೆ ವ್ಯಾಖ್ಯಾನ ಬೇರೆ. ಪೋಪೋ ಮಗಳು ತಟ್ಟೆ ಎತ್ತುವ ನೆಪದಲ್ಲಿ ಎದ್ದುಹೋಗಿ ಸಿಂಕಿನ ಬಳಿ ಕಣ್ಣೊರೆಸಿಕೊಂಡಳು. ನಾಚಿಕೆಯಿಂದ ನನಗೆ ಅಲ್ಲೇ ಇಂಗಿಹೋಗಬೇಕೆನಿಸಿತು.

ನಮ್ಮಲ್ಲಿ ಸೊನ್ನೆಗೆ ನಿಲ್ಲಿಸಿದರೆ ಕೊಡುಕೊಳ್ಳುವುದು ಮುಗಿದಂತೆ, ಒಂದು ಸೇರಿಸಿದರೆ ಸಂಬಂಧ ಮುಂದುವರಿದಂತೆ ಎಂದು ತಡವರಿಸುತ್ತಾ ಹೇಳಿದೆ. ಮಗಳು ತನಗೆ ಬರುವಷ್ಟು ಕ್ಯಾಂಟನೀಸ್‌ನಲ್ಲಿ ಅದನ್ನು ಪೋಪೋಗೆ ದಾಟಿಸಿದಳು. ಅವರು ಮೊಮ್ಮಗನಿಂದ ಪೂರ್ತಿ ಹಣ ವಾಪಸ್ ಹಾಕಿಸಿ, ಅದೇನೋ ಹೇಳಿದರು. ಅವರ ಮಗಳು ಅಳುತ್ತಲೇ ನಗತೊಡಗಿದಳು.

“ಇದು ಸ್ವಲ್ಪ ಬೇಗ ಬಂದ್ಬಿಡ್ತು ಅಂತಿದಾರೆ ನಮ್ಮಮ್ಮ,” ಎಂದಳು ನನಗೆ. “ಸದ್ಯಕ್ಕೆ ಎಂಬತ್ತೆಂಟು ಸಾಕಂತೆ.”

ಎಂಟು ಅವರಿಗೆ ಶುಭ. ನಾನು ಎಂಬತ್ತೆಂಟು ಕಳಿಸಿದೆ, ಫೋನು ಕೂಗಿತು, ಎಲ್ಲರಿಗಿಂತ ಮೊದಲು ಪೋಪೋ ಚಪ್ಪಾಳೆ ತಟ್ಟಿದರು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಮಗಳನ್ನು ಕರೆತರಲು ಹೋದಾಗ ಪೋಪೋ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅವರಿಗೆ ಬರುವುದು ಬೆರಳೆಣಿಕೆಯ ಇಂಗ್ಲಿಷ್ ಪದ. ನೂರೊಂದು ಎಂದು ಬೆರಳಲ್ಲಿ ಗಾಳಿಯಲ್ಲಿ ಬರೆದು ತೋರಿಸಿ, “ದಟ್ ಡೇ, ನೋ ಫೋನ್,” ಎಂದರು. ಆಮೇಲೆ ನನ್ನ ಎದೆಗೆ ಬೆರಳು ಚುಚ್ಚಿ, “ಯು ಕಮ್.”

ಆಗಲಿ ಎಂದರೆ ಅವರ ಸಾವಿಗೆ ಒಪ್ಪಿದಂತೆ, ಇಲ್ಲ ಎಂದರೆ ಅವರನ್ನೇ ಬೇಡವೆಂದಂತೆ. ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ.

ಆಪರೇಷನ್ ಚೆನ್ನಾಗಿ ಆಯಿತೆಂದು ಅವರ ಮಗಳು ಮೆಸೇಜು ಹಾಕಿದಾಗ, ಕೈಮುಗಿಯುವ ಚಿತ್ರ ಒತ್ತಲು ಹೋದ ಬೆರಳನ್ನು ಹಿಂತೆಗೆದುಕೊಂಡು, ಕಾರಿನ ಕೀ ಹುಡುಕಿದೆ.