ಸೊಲ್ಲಿಗೆ ಬಿಟ್ಟ ಜಾಗ

ನನ್ನ ನೆನಪಿನಲ್ಲಿ ಆ ಗಂಟು ಬಿಳಿ ಬಟ್ಟೆಯದು. ಹೋದ ವಾರ ಹಳೆಯ ಕೈಚೀಲವನ್ನು ಒಗೆಯಲು ಹಾಕುವ ಮುಂಚೆ ಒಳಜೇಬಿಗೆ ಕೈ ಹಾಕಿದಾಗ ಸಿಕ್ಕಿದ್ದು ಅಮ್ಮನ ಹಳೆಯ ಸೀರೆಯ ಹಸಿರು ತುಂಡು. ಇಷ್ಟು ಸಣ್ಣ ವಿಷಯದಲ್ಲೇ ತಪ್ಪಿದ್ದೇನೆ ಎಂದ ಮೇಲೆ ಮುಂದೆ ಬರೆಯುವುದರಲ್ಲಿ ಇನ್ನೆಷ್ಟು ತಪ್ಪಿದೆಯೋ. ಓದುವವರು ಒಂದಿಷ್ಟು ಅನುಮಾನ ಇಟ್ಟುಕೊಂಡೇ ಓದಬೇಕು.

ಗಂಟಿನಲ್ಲಿ ಓಂಕಾಳು ಇತ್ತು. ಜೊತೆಗಿದ್ದ ಕರ್ಪೂರ ಯಾವತ್ತೋ ಹಾರಿಹೋಗಿತ್ತು. ಕೊರೊನಾದ ಎರಡನೆಯ ಅಲೆಯಲ್ಲಿ ಅದನ್ನು ಮೂಸುತ್ತಿದ್ದರೆ ಉಸಿರು ಸರಾಗವಾಗುತ್ತದೆ ಎಂದು ಯಾರೋ ಹೇಳಿದ್ದರು. ನಂಬದವರೂ ಕಟ್ಟಿಟ್ಟುಕೊಂಡಿದ್ದೆವು. ನಾನು ನಂಬಿದ್ದೆನೋ ಇಲ್ಲವೋ ಈಗ ಹೇಳಲಾರೆ. ಆದರೆ ಮೂಗಿನ ಹತ್ತಿರ ತಂದ ಕೂಡಲೇ ಆ ದಿನಗಳ ಹೆದರಿಕೆ ಎದ್ದಿತು. ಅದರ ಹಿಂದೆಯೇ ತಂಬೂರಿಯಣ್ಣನ ದನಿ...

ತಂಬೂರಿಯಣ್ಣ ಎಂದೇ ಊರಿನವರೆಲ್ಲ ಅವರನ್ನು ಕರೆಯುತ್ತಿದ್ದರು, ಅವರಿಗಿಂತ ದೊಡ್ಡವರೂ. ನಮ್ಮೂರು ಮಾಗಡಿ ತಾಲ್ಲೂಕಿನಲ್ಲಿ, ಗುಡೇಮಾರನಹಳ್ಳಿಯಿಂದ ಇನ್ನೂ ಒಳಕ್ಕೆ. ಹೊಲದ ಕೆಲಸವಿಲ್ಲದಾಗ ಅವರು ತಂಬೂರಿ ಹಿಡಿದು ಪದ ಹೇಳಲು ಹೋಗುತ್ತಿದ್ದರು, ಹರಕೆ ತೀರಿಸುವ ಮನೆಗೆ, ಹೊಸ ಮನೆಯ ಒಕ್ಕಲಿಗೆ, ಸಾವಿನ ಮನೆಗೆ. ಪಕ್ಕದಲ್ಲಿ ತಾಳ ಹಿಡಿದು ಕೂರುತ್ತಿದ್ದವನು ನನ್ನ ಚಿಕ್ಕಪ್ಪ. ಇಬ್ಬರದೂ ಒಂದೇ ವಯಸ್ಸು. ತಂಬೂರಿಯಣ್ಣ ಒಂದು ಸಾಲು ಹೇಳಿ ನಿಲ್ಲಿಸಿದರೆ ಚಿಕ್ಕಪ್ಪ ಸೊಲ್ಲು ತೆಗೆದುಕೊಳ್ಳುತ್ತಿದ್ದ. ಸೊಲ್ಲು ಎಂದರೆ ಪದದ ಉದ್ದಕ್ಕೂ ಮತ್ತೆ ಮತ್ತೆ ಬರುವ ಒಂದೇ ಸಾಲು. ಚಿಕ್ಕವಳಿದ್ದಾಗ ನನಗೆ ಅದು ಬೇಸರ. ಹೇಳಿದ್ದನ್ನೇ ಯಾಕೆ ಹೇಳುತ್ತೀರಿ ಎಂದು ಒಮ್ಮೆ ಕೇಳಿದ್ದೆ.

"ನಾನು ಉಸ್ರು ತಗಬ್ಯಾಡ್ವ ಮಗ? ನಿಮ್ ಚಿಕ್ಕಪ್ಪ ಅರಚ್ಕತಾ ಇದ್ರೆ ಆ ಸಂದೀಲಿ ಒಸಿ ಸುಧಾರಿಸ್ಕತೀನಿ" ಎಂದರು ತಂಬೂರಿಯಣ್ಣ.

"ಅರಚೋದಂತೆ. ನನ್ ಸೊಲ್ಲಿಲ್ದಿದ್ರೆ ನೀನು ಮೂರ್ನೇ ಸಾಲ್ಗೇ ಮಕಾಡೆ ಮಲಿಕ್ಕಂಡಿರ್ತಿದ್ದೆ ಬುಡ್ಲಾ" ಎಂದ ಚಿಕ್ಕಪ್ಪ.

ಮೊದಲ ಲಾಕ್‌ಡೌನಿನಲ್ಲಿ ಕರೆಯುವವರೇ ಇಲ್ಲವಾದಾಗ ಇಬ್ಬರೂ ಸೇರಿ ಫೋನಿನಲ್ಲಿ ಲೈವ್ ಬರುವುದನ್ನು ಕಲಿತರು. ಒರಳುಕಲ್ಲಿನ ಮೇಲೆ ಚೊಂಬು, ಚೊಂಬಿಗೆ ಆನಿಸಿದ ಫೋನು. ದೀಪ ಹಚ್ಚುವ ಹೊತ್ತಿಗೆ ಶುರುವಾಗುತ್ತಿತ್ತು. ನಾನೂ ಅಮ್ಮನೂ ರಾಮನಗರದ ಬಾಡಿಗೆ ಮನೆಯಲ್ಲಿ ಕೂತು ನೋಡುತ್ತಿದ್ದೆವು. ಮೊದಲ ದಿನ ಅರ್ಧ ಗಂಟೆ ಸೂರಿನ ಹೆಂಚು, ಒಂದು ಕಿವಿ, ಇಷ್ಟೇ ಕಂಡಿದ್ದು.

"ಲೇ, ನಿನ್ ಕಿವಿ ಒಂದೇ ಕಾಣ್ತೈತೆ ಕಣ್ಲಾ" ಎಂದು ಚಿಕ್ಕಪ್ಪನ ದನಿ ಕೇಳಿತು.

"ಕಾಣ್ಲಿ ಬುಡು. ಮಕ ನೋಡ್ಕಂಡು ಯಾರ್ಲಾ ಪದ ಕೇಳ್ತಾರೆ."

ನಮ್ಮೂರಿನವರು, ಸೋಲೂರಿಗೆ ಕೊಟ್ಟ ಹೆಣ್ಣುಮಕ್ಕಳು, ಎಲ್ಲೆಲ್ಲೋ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿ ಸಿಕ್ಕಿಹಾಕಿಕೊಂಡವರು, ಎಲ್ಲ ಕೇಳುತ್ತಿದ್ದರು. ಆ ವರ್ಷದ ಹೆದರಿಕೆಗೆ ಇನ್ನೂ ಮುಖ ಇರಲಿಲ್ಲ. ಹೆದರುತ್ತಲೇ ನಗುತ್ತಿದ್ದೆವು.

ಮುಂದಿನ ವರ್ಷ ಹಾಗಿರಲಿಲ್ಲ. ನಮ್ಮ ಪಕ್ಕದ ಮನೆಯ ಸಾಹೇಬರು ರೇಷ್ಮೆ ನೂಲು ಬಿಚ್ಚುವ ಯಂತ್ರ ನಿಲ್ಲಿಸಿದ್ದರು. ಗೂಡು ಬೇಯಿಸುವ ವಾಸನೆಯನ್ನು ವರ್ಷಗಟ್ಟಲೆ ಬೈದುಕೊಂಡಿದ್ದ ಅಮ್ಮ, ಅದಿಲ್ಲದೆ ಬೀದಿ ಸತ್ತಂತಿದೆ ಎಂದು ಹೇಳಿ ತಕ್ಷಣ ಬಾಯಿ ಮುಚ್ಚಿಕೊಂಡಳು. ಆ ದಿನಗಳಲ್ಲಿ ಕೆಲವು ಮಾತುಗಳನ್ನು ಆಡಲು ಎಲ್ಲರಿಗೂ ಭಯ. ಆಸ್ಪತ್ರೆಯ ಕಡೆ ಹೋಗುವ ಆಂಬುಲೆನ್ಸುಗಳು ನಮ್ಮ ರಸ್ತೆಯಲ್ಲೇ ಹಾಯುತ್ತಿದ್ದವು. ಅಮ್ಮನಿಗೆ ಕೆಮ್ಮಿತ್ತು. ಶಾಲೆಯ ಮಕ್ಕಳಿಗೆ ಫೋನಿನಲ್ಲಿ ಪಾಠ ಮಾಡುತ್ತ ನಾನು ಒಂದು ಕಿವಿಯನ್ನು ಅವಳ ಕೆಮ್ಮಿನ ಕಡೆಗೇ ಇಟ್ಟಿರುತ್ತಿದ್ದೆ.

ತಂಬೂರಿಯಣ್ಣನಿಗೆ ಜ್ವರ ಬಂತು. ಮನೆ ಚಿಕ್ಕದು, ಬೇರೆ ಇರಲು ಕೋಣೆಯಿಲ್ಲ ಎಂದು ಮಾಗಡಿಯ ಹೊರಗೆ ಒಂದು ಹಾಸ್ಟೆಲಿನಲ್ಲಿ ಮಾಡಿದ್ದ ಆರೈಕೆ ಕೇಂದ್ರಕ್ಕೆ ಕರೆದುಕೊಂಡು ಹೋದರು. ತಂಬೂರಿ ಒಯ್ಯಲು ಬಿಡಲಿಲ್ಲ. ಜ್ವರದ ಹಿಂದಿನ ದಿನದವರೆಗೂ ಜೊತೆಗೇ ಕೂತು ಹಾಡಿದ್ದ ಚಿಕ್ಕಪ್ಪ, ತನಗೂ ಅಂಟಿರುತ್ತದೆ ಎಂದು ಹೆದರಿ ತೋಟದಲ್ಲಿದ್ದ ರೇಷ್ಮೆ ಹುಳು ಸಾಕುವ ಮನೆಗೆ ಒಬ್ಬನೇ ಹೋಗಿ ಸೇರಿಕೊಂಡ. ಊಟದ ಬುತ್ತಿಯನ್ನು ಬೇಲಿಯ ಹತ್ತಿರ ಇಟ್ಟು ಬರಬೇಕಿತ್ತು. ಫೋನು ಮಾಡಿದರೆ ಎತ್ತುತ್ತಿರಲಿಲ್ಲ.

ತಂಬೂರಿಯಣ್ಣ ಮೊದಲ ಸಂಜೆಯೇ ಹಾಸ್ಟೆಲಿನ ಮಂಚದ ಮೇಲಿಂದ ಲೈವ್ ಬಂದರು. ಹಿಂದಿನ ಗೋಡೆ ಹಳದಿ ಎಂದು ನನ್ನ ನೆನಪು.

"ಚೆನ್ನಾಗಿವ್ನಿ ಕಣ್ರಪ್ಪ. ಮೊಟ್ಟೆ ಕೊಡ್ತಾರೆ. ಮನೇಲಿ ಯಾರು ಕೊಡ್ತಿದ್ರು" ಎಂದರು. ಮಂಚದ ಕಂಬಿಯ ಮೇಲೆ ಬೆರಳಿನಲ್ಲಿ ತಾಳ ಹಾಕಿಕೊಂಡು ಪದ ಎತ್ತಿದರು. ಒಂದು ಸಾಲು ಮುಗಿಸಿ, ಅಭ್ಯಾಸದಂತೆ ಸೊಲ್ಲಿಗೆ ಜಾಗ ಬಿಟ್ಟರು. ಯಾರೂ ತೆಗೆದುಕೊಳ್ಳಲಿಲ್ಲ. ಎಡಕ್ಕೆ ತಿರುಗಿ ನೋಡಿದರು. ಆಮೇಲೆ ನಕ್ಕು, "ನೀವೇ ತಗಳ್ರಪ್ಪ, ನಿಮ್ ನಿಮ್ ಮನೇಲೇ" ಎಂದರು.

'ಬಂದು ಕೂತ್ಕೊ ಗುರುವೇ, ನಮ್ಮ ಹಟ್ಟಿ ಜಗಲೀಲಿ' ಎನ್ನುವುದು ಆ ಪದದ ಸೊಲ್ಲು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು. ನಾನೂ ಮೆಲ್ಲಗೆ ಹೇಳಿದೆ. ನಮ್ಮ ದನಿ ಅವರಿಗೆ ಕೇಳುವುದಿಲ್ಲ ಎಂದು ಗೊತ್ತಿತ್ತು. 'ತಗೊಂಡ್ವಿ ಅಣ್ಣ' ಎಂದು ಯಾರೋ ಕೆಳಗೆ ಬರೆದರು. ಇನ್ನೊಬ್ಬರು ಬರೆದರು, ಮತ್ತೊಬ್ಬರು ಬರೆದರು. ಅವರು ತಲೆಯಾಡಿಸಿ ಮುಂದಿನ ಸಾಲಿಗೆ ಹೋದರು. ಅಷ್ಟೂ ಮನೆಗಳಲ್ಲಿ ಬೇರೆ ಬೇರೆಯಾಗಿ, ಒಬ್ಬರ ದನಿ ಒಬ್ಬರಿಗೆ ಕೇಳದೆ, ಎಲ್ಲರೂ ಅದೇ ಸಾಲನ್ನು ಹೇಳುತ್ತಿದ್ದೆವು. ಚಿಕ್ಕಪ್ಪ ಮಾತ್ರ ಏನೂ ಬರೆಯಲಿಲ್ಲ.

ಸೊಲ್ಲಿಗೆ ಬಿಡುವ ಜಾಗ ಉದ್ದವಾಗತೊಡಗಿದ್ದು ಯಾವತ್ತಿನಿಂದ ಎಂದು ಖಚಿತವಾಗಿ ಹೇಳಲಾರೆ. ನಾವು ಸೊಲ್ಲು ಮುಗಿಸಿದ ಮೇಲೂ ಅವರು ಮುಂದಿನ ಸಾಲು ಎತ್ತಿರುತ್ತಿರಲಿಲ್ಲ. ಅಮ್ಮ ಇನ್ನೊಮ್ಮೆ ಹೇಳುತ್ತಿದ್ದಳು. ಆಗ ಬರುತ್ತಿತ್ತು ಸಾಲು, ಮೊದಲಿಗಿಂತ ಸಣ್ಣ ದನಿಯಲ್ಲಿ. ಪದ ಕೇಳುವುದನ್ನು ಬಿಟ್ಟು ನಾವು ಆ ಸಂದನ್ನೇ ಕೇಳುತ್ತಿದ್ದೆವು.

ಒಂದು ಸಂಜೆ ಅವರು ಬರಲಿಲ್ಲ. ಕತ್ತಲಾಗುವಷ್ಟರಲ್ಲಿ ಊರಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅವರ ಫೋಟೋಕ್ಕೆ ಹೂವಿನ ಹಾರದ ಚೌಕಟ್ಟು ಹಾಕಿ ಕಳಿಸಿಬಿಟ್ಟಿದ್ದರು. ಕೈ ಮುಗಿದ ಚಿತ್ರಗಳು ಸಾಲು ಸಾಲಾಗಿ ಬಂದವು. ಅಮ್ಮ ಅವರ ಹೆಂಡತಿಗೆ ಫೋನು ಮಾಡಲು ಹೋಗಿ ಮಾಡಲಾರದೆ ಇಟ್ಟಳು. ಬೆಳಿಗ್ಗೆ ತಂಬೂರಿಯಣ್ಣನೇ ಲೈವ್ ಬಂದರು. ಮಾತ್ರೆ ನುಂಗಿ ನಿದ್ದೆ ಹೋಗಿದ್ದರಂತೆ.

"ಇನ್ನೂ ಹೋಗಿಲ್ಲ ಕಣ್ರಪ್ಪ. ಹಾರ ತಂದವ್ರು ವಾಪಸ್ ಇಸ್ಕಳಿ" ಎಂದರು. ನಗಲು ಹೋಗಿ ಕೆಮ್ಮಿದರು. ತುಂಬ ಹೊತ್ತು ಕೆಮ್ಮಿದರು.

ಅಲ್ಲಿಂದ ಮುಂದೆ ಅವರು ಹಾಡದೆ ಇರುವಂತಿರಲಿಲ್ಲ. ಹಾಡಿದರೆ ಇದ್ದಾರೆ, ಹಾಡದಿದ್ದರೆ ಇಲ್ಲ. ಅವರ ಹೆಂಡತಿ ಅಮ್ಮನ ಹತ್ತಿರ ಫೋನಿನಲ್ಲಿ ಹೇಳಿದ ಮಾತು ನನಗೂ ಕೇಳಿಸಿತು: "ದಿನಾ ಒಂದ್ ಪದ ಹೇಳಿ ಅಂತ ನಾನೇ ಅಂದಿವ್ನಿ ಕಣಕ್ಕ. ಫೋನ್ ಮಾಡುದ್ರೆ ಚೆನ್ನಾಗಿವ್ನಿ ಅಂತ ಸುಳ್ಳು ಹೇಳ್ತಾರೆ. ಪದದಲ್ಲಿ ಸುಳ್ಳು ಹೇಳಾಕಾಗಲ್ವಲ್ಲ."

ಮಾತಾಡಬೇಡಿ ಎಂದು ಅಲ್ಲಿನ ನರ್ಸಮ್ಮ ಅವರಿಗೆ ಬೈದದ್ದೂ ಲೈವಿನಲ್ಲೇ ಕೇಳಿತ್ತು. "ಮಾತೇ ಬೇಡ ಅಂದ್ರೆ ನೀವು ಹಾಡ್ತಾ ಕೂತಿದ್ದೀರಲ್ಲ ತಾತ."

"ಇವತ್ತು ಹೇಳ್ದಿದ್ರೆ ನಮ್ಮೂರಲ್ಲಿ ನನ್ನ ಹೂತಾಕ್ಬುಡ್ತಾರೆ ಕಣವ್ವ."

ನಾವು ಯಾರೂ 'ಸಾಕು, ಮಲಗಿ' ಎಂದು ಬರೆಯಲಿಲ್ಲ. ಬರೆದಿದ್ದರೂ ಅವರು ಕೇಳುತ್ತಿದ್ದರೋ ಇಲ್ಲವೋ. ಆ ಸಂಜೆಯ ಹೊತ್ತಿಗೆ ನಮಗೆ ಅವರ ದನಿ ಬೇಕಾಗಿತ್ತು, ಊಟಕ್ಕಿಂತ ಹೆಚ್ಚಾಗಿ ಬೇಕಾಗಿತ್ತು. ಅದು ಕೇಳಿದರೆ ಅಮ್ಮನ ಕೆಮ್ಮೂ ಬರೀ ಕೆಮ್ಮೇ ಎಂದು ಅನ್ನಿಸುತ್ತಿತ್ತು.

ಕೊನೆಯ ಸಂಜೆ ಅವರು ದಿಂಬಿಗೆ ಒರಗಿಕೊಂಡಿದ್ದರು. ಪದ ಎತ್ತುವ ಮುಂಚೆ ಫೋನನ್ನು ಮುಖದ ಹತ್ತಿರ ತಂದುಕೊಂಡರು.

"ಲೇ ಹುಳುಮನೆಯವ್ನೆ, ಕೇಳ್ತಾ ಇದ್ದೀಯೇನ್ಲಾ? ಇವತ್ತು ನೀನೇ ತಗಬೇಕು ಕಣ್ಲಾ."

ಕಾದರು. 'ಇದ್ದೀವಿ ಅಣ್ಣ', 'ಹೇಳಿ ಅಣ್ಣ' ಎಂದು ಯಾರುಯಾರೋ ಬರೆದರು. ಅವರ ಕಣ್ಣು ಆ ಸಾಲುಗಳ ಮೇಲೆ ಒಂದೊಂದಾಗಿ ಇಳಿಯುವುದು ಕಾಣುತ್ತಿತ್ತು. ಚಿಕ್ಕಪ್ಪನ ಹೆಸರು ಬರಲಿಲ್ಲ.

ಮೊದಲ ಸಾಲು ಹೇಳಿದರು. ನಾವು ಸೊಲ್ಲು ತೆಗೆದುಕೊಂಡೆವು. ತಡವಾಗಿ ಎರಡನೆಯ ಸಾಲು ಬಂತು. ಅದರ ಮುಂದಿನ ಸಾಲು ತುದಿ ಮುಟ್ಟುವಾಗ ಬರೀ ಗಾಳಿಯಾಗಿತ್ತು. ಆದರೂ ಮುಗಿಸಿದರು. ಅಮ್ಮ ಸೊಲ್ಲು ಹೇಳಿದಳು. ಅವರು ಎತ್ತಲಿಲ್ಲ. ಇನ್ನೊಮ್ಮೆ ಹೇಳಿದಳು. ನೆಟ್‌ವರ್ಕ್ ನಿಂತಿರಬೇಕು ಎಂದೆ ನಾನು. ನಿಂತಿರಲಿಲ್ಲ. ಅವರ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅವರು ನಮ್ಮನ್ನೇ ನೋಡುತ್ತಿದ್ದರು. ಅಮ್ಮ ಮತ್ತೆ ಹೇಳಿದಳು, ಈ ಸಲ ಯಾರನ್ನೋ ನಿದ್ದೆಯಿಂದ ಎಬ್ಬಿಸುವ ಹಾಗೆ, ಗಟ್ಟಿಯಾಗಿ. ನಾನು ಅವಳ ತೋಳು ಹಿಡಿದುಕೊಂಡಿದ್ದೆ. ಅವರು ಬಲಗೈಯನ್ನು ಸ್ವಲ್ಪ ಮೇಲೆತ್ತಿದರು. ನೆರೆದವರ ಮುಂದೆ ಹಾಡುವಾಗ ಚಿಕ್ಕಪ್ಪನಿಗೆ 'ಇನ್ನೊಂದು ಸಲ ತಗೋ' ಎಂದು ಹೇಳಲು ಅವರು ಕೈ ಎತ್ತುತ್ತಿದ್ದದ್ದು ಹಾಗೆಯೇ. ಅಷ್ಟರಲ್ಲಿ ಪರದೆ ಕಪ್ಪಾಯಿತು.

ಕೈ ಎತ್ತಲೇ ಇಲ್ಲ, ಹೊದಿಕೆ ಎಳೆದುಕೊಂಡರು ಅಷ್ಟೇ ಎನ್ನುತ್ತಾಳೆ ಅಮ್ಮ. ನೋಡಿ ತೀರ್ಮಾನಿಸೋಣವೆಂದರೆ ಆ ಲೈವ್ ಎಲ್ಲೂ ಇಲ್ಲ. ಮುಗಿದ ಮೇಲೆ ಉಳಿಸಿಕೊಳ್ಳಬೇಕೆಂದು ಅವರಿಗೆ ಗೊತ್ತಿರಲಿಲ್ಲ, ಹೇಳಿಕೊಡುವುದು ನಮಗೆ ತೋಚಲಿಲ್ಲ. ಹಾಸ್ಟೆಲಿನ ಒಂದು ಪದವೂ ಉಳಿದಿಲ್ಲ. ಇರುವುದು ನನ್ನ ನೆನಪು, ಅಮ್ಮನ ನೆನಪು. ಎರಡೂ ಒಂದಕ್ಕೊಂದು ಕೂಡುವುದಿಲ್ಲ.

ಅವತ್ತೇ ಅವರನ್ನು ಆಕ್ಸಿಜನ್ ಇರುವ ಕಡೆಗೆಂದು ರಾಮನಗರಕ್ಕೆ ಕರೆತಂದರು. ನಮ್ಮ ರಸ್ತೆಯಲ್ಲಿ ಹಾದುಹೋದ ಆಂಬುಲೆನ್ಸುಗಳಲ್ಲಿ ಯಾವುದೋ ಒಂದರಲ್ಲಿ ಅವರಿದ್ದರು. ಇನ್ನೊಂದು ವಾರ ಇದ್ದರೇನೋ, ಅದಕ್ಕೂ ಕಡಿಮೆಯೋ... ಆಮೇಲೆ ಇಲ್ಲ. ಎಷ್ಟೋ ಸಾವಿನ ಮನೆಗಳಲ್ಲಿ ಬೆಳಕು ಹರಿಯುವವರೆಗೆ ಪದ ಹೇಳಿದ್ದವರನ್ನು ಪ್ಲಾಸ್ಟಿಕ್ ಅಂಗಿಯವರು ಒಂದು ಸಾಲೂ ಇಲ್ಲದೆ ಮಣ್ಣು ಮಾಡಿದರು. ಅವರ ಹೆಂಡತಿಯನ್ನು ಹತ್ತಿರ ಬಿಡಲಿಲ್ಲ.

ಚಿಕ್ಕಪ್ಪನಿಗೆ ಏನೂ ಆಗಲಿಲ್ಲ. ಅಮ್ಮನ ಕೆಮ್ಮು ತಾನಾಗಿ ಹೋಯಿತು. ಈಗ ಚಿಕ್ಕಪ್ಪ ತಿಪ್ಪಸಂದ್ರದ ಕಡೆಯ, ಪದ ಹೇಳುವ ಒಬ್ಬರ ಜೊತೆ ತಾಳಕ್ಕೆ ಹೋಗುತ್ತಾನೆ. ಹೋದ ತಿಂಗಳು ಊರಿಗೆ ಹೋಗಿದ್ದಾಗ ಒಂದು ಹೊಸ ಮನೆಯ ಒಕ್ಕಲಿನಲ್ಲಿ ಕೂತು ಕೇಳಿದೆ. ಸಾಲು ಇನ್ನೂ ಹಾಡುವವರ ಬಾಯಲ್ಲಿರುವಾಗಲೇ ಚಿಕ್ಕಪ್ಪ ಸೊಲ್ಲಿಗೆ ಹಾರುತ್ತಾನೆ. ಒಂದೆರಡು ಸಲ ಸಹಿಸಿಕೊಂಡು ಅವರು ಪದ ನಿಲ್ಲಿಸಿಯೇ ಬಿಟ್ಟರು.

"ನಾನಿನ್ನೂ ಮುಗ್ಸೇ ಇಲ್ಲ ಕಣಣ್ಣ. ಬಸ್ಸು ಹೊಂಟೋಯ್ತದ ನಿಂಗೆ?"

ಎಲ್ಲರೂ ನಕ್ಕರು, ಚಿಕ್ಕಪ್ಪನೂ ನಕ್ಕ. ಮುಂದಿನ ಸಾಲಿಗೂ ಹಾಗೆಯೇ ಮಾಡಿದ.

ಮಾರನೆಯ ಬೆಳಿಗ್ಗೆ ಹುಳುಮನೆಗೆ ಹೋದೆ. ಅವನು ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹರಡುತ್ತಿದ್ದ. ಅದೇ ಮನೆ, ಆ ದಿನಗಳಲ್ಲಿ ಅವನೊಬ್ಬನೇ ಇದ್ದದ್ದು. ಕೇಳಬಾರದೇನೋ ಎಂದುಕೊಳ್ಳುತ್ತಲೇ ಕೇಳಿದೆ.

"ಚಿಕ್ಕಪ್ಪ, ಅವತ್ತು ನೀನೇ ತಗಬೇಕು ಅಂದ್ರಲ್ಲ ತಂಬೂರಿಯಣ್ಣ. ಇಲ್ಲಿ ಕೂತ್ಕಂಡು ನೀನು ಸೊಲ್ಲು ತಗಂಡ್ಯಾ?"

ಅವನು ತಟ್ಟೆಯ ತುದಿಯವರೆಗೂ ಸೊಪ್ಪು ಹರಡಿದ. ಹುಳುಗಳು ತಿನ್ನತೊಡಗಿದವು.

"ಬಾಗ್ಲು ಹಾಕವ್ವ, ಗಾಳಿ ಬತ್ತೈತೆ" ಎಂದ.

ಹಾಕಿದೆ. ಅವನು ಮುಂದಿನ ತಟ್ಟೆ ಎಳೆದುಕೊಂಡ. ಊರಿಂದ ಬಂದ ಮೇಲೆ ಎಷ್ಟೋ ಸಲ ಫೋನು ಮಾಡಿದ್ದಾನೆ. ಗೂಡಿನ ರೇಟು, ಅಮ್ಮನ ಮಂಡಿ ನೋವು, ಕೊಳವೆಬಾವಿ, ಎಲ್ಲ ಮಾತಾಡುತ್ತಾನೆ. ಆ ಸಂಜೆಯ ಮಾತು ತೆಗೆದರೆ ಮಾತ್ರ, ಹುಳುಗಳಿಗೆ ಸೊಪ್ಪು ಹಾಕಬೇಕು ಎಂದು ಫೋನು ಇಡುತ್ತಾನೆ.